ದರ್ಯಾ ಅಂದರೆ ಹೊಳೆ

ಬೀದರ, ೨೨ ಜೂನ್ ೨೦೨೫, ರವಿವಾರ

ಇಂದಿನ ಚರ್ಚೆಯ ಲೆಕ್ಕ: ಬಂದದ್ದು ಒಂದು ಶಾಲು; ಹೋದದ್ದು ಎರಡು ಡಬ್ಬಿ ಪೇಢಾ, ಇದ್ದ ಒಬ್ಬಳೇ ತಂಗಿ.

ಚರ್ಚಿನ ಸಭಾಂಗಣದಲ್ಲಿ ವಿಷಯ ‘ಸಮುದ್ರ ಏರುತ್ತಿದೆಯೇ?’ ಇಷ್ಟು ಎತ್ತರದ ಊರಲ್ಲಿ ನಿಂತು ಇಲ್ಲ ಎನ್ನಲು ನನಗೇನು ಕಷ್ಟ? ಗಾಂಧಿ ಗಂಜ್ ಪೇಟೆಯ ದಲಾಲಿ ನನ್ನ ನಾಲಿಗೆಯನ್ನು ಸಾಣೆ ಹಿಡಿದಿದೆ. ಮುಂಬೈಯ ಕಡಲಂಚಿನ ಚಾಳಿನಿಂದ ಬಂದಿದ್ದ ತಂಗಿ ದೊರ್ಕಾ ಎದ್ದು ನಿಂತಳು.

“ಭರತಿ ಬಂದ್ರ ದರ್ಯಾ ಮನಿಯೊಳಗ ಬರ್ತದ ಅಣ್ಣಾ. ಮೊದಲ ಹೊಸ್ತಿಲ ತನಕ ಇತ್ತು, ಈಗ ಮಂಚದ ತನಕ.”

ಅಲ್ಲಿಯ ಮರಾಠಿಯಲ್ಲಿ ಭರತಿ ಎಂದರೆ ಉಬ್ಬರ, ದರ್ಯಾ ಎಂದರೆ ಸಮುದ್ರ, ನಮ್ಮ ಬೀದರಿನ ಬಾಯಲ್ಲಿ ಹೊಳೆ. ದರ್ಯಾದ ಎರಡೂ ಅರ್ಥ ಗೊತ್ತಿದ್ದೇ ಹೇಳಿದೆ: “ಕೇಳಿದ್ರೇನ್ರಿ? ದರ್ಯಾ ಅಂತ, ಹೊಳಿ! ಮಳಿಗಾಲದಾಗ ನಮ್ಮ ಮಾಂಜ್ರಾನೂ ಏರ್ತದ. ಜಗತ್ತು ಮುಳುಗ್ತದೇನ್ರಿ?” ಸಭೆ ಬಿದ್ದು ಬಿದ್ದು ನಕ್ಕಿತು. ಶಾಲು ಹೊದಿಸಿದರು.

ಅವಳು ವಾದಕ್ಕೆ ಬಂದವಳಲ್ಲ. ಭಾಲ್ಕಿಯಲ್ಲಿ ಬೀಗ ಹಾಕಿರುವ ಅಪ್ಪನ ಮನೆಯಲ್ಲಿ ಇರಲು ಜಾಗ ಕೇಳಲು ಬಂದಿದ್ದಳು. ಕೀಲಿ ಇರುವುದು ನಮ್ಮಿಬ್ಬರ ತಮ್ಮ ಸಿಲಾಸನ ಹತ್ತಿರ. ಚರ್ಚೆ ಕೇಳಿ ನಮ್ಮ ಜೊತೆ ನನ್ನ ಮನೆಗೆ ಬಂದವನು ನನ್ನ ಮಾತನ್ನೇ ಅವಳ ಮುಂದೆ ಎಸೆದ.

“ಅಣ್ಣಾನೇ ಹೇಳ್ಯಾನಲ್ಲಕ್ಕಾ, ಹೊಳಿ ನೀರು, ಇಳೀತದ. ಕೀಲಿ ಯಾಕ ನಿನಗ?”

ನನ್ನ ಬಾಯಲ್ಲಿ ಪೇಢಾ ಇತ್ತು. ನುಂಗಿ ಮಾತಾಡಬಹುದಿತ್ತು. ಆದರೆ ಗೆದ್ದ ಮಾತನ್ನು ವಾಪಸು ಪಡೆಯುವುದು ನನಗೆ ಬಾರದ ವ್ಯಾಪಾರ.

“ನಿನಗ ಮರಾಠಿ ಬರ್ತದಲ್ಲ ಅಣ್ಣಾ,” ಎಂದಳು. ಸಂಜೆಯ ಗಾಡಿಗೆ ಹೊರಟುಹೋದಳು.

ಸಿಲಾಸನಿಗೆ ಮನೆ ಉಳಿಯಿತು. ನನಗೆ ಶಾಲು. ದೊರ್ಕಾಳಿಗೆ ದರ್ಯಾ.