ಎಡೆಗೆ ಹುಲ್ಲುಕೋಳಿ

ಕ್ಯಾಲನೂರು,
23-9-2025, ಮಂಗಳವಾರ

ಪ್ರೀತಿಯ ಧನೂ,

ಹೇಗಿದ್ದೀಯ ಮಗಳೇ? ಕಾಲಿನ ಊತ ಇಳಿಯಿತೇ? ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ದಿಂಬಿನ ಕೆಳಗೆ ಬಚ್ಚಿಡಬೇಡ. ಚಿಕ್ಕವಳಿದ್ದಾಗ ಜ್ವರದ ಮಾತ್ರೆಯನ್ನು ಎಲ್ಲಿ ಬಚ್ಚಿಡುತ್ತಿದ್ದೆ ಎನ್ನುವುದನ್ನು ನಾನು ಮರೆತಿಲ್ಲ. ಅಳಿಯಂದಿರು, ಬೀಗಿತ್ತಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಹಸುವೂ ಸೇರಿ ನಾವೆಲ್ಲ ಚೆನ್ನಾಗಿದ್ದೇವೆ. ದಿನಾ ಫೋನು ಮಾಡುವವಳು ಈಗೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ಗಾಬರಿಯಾಗಬೇಡ. ಮುಳಬಾಗಿಲಿನ ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಕೆಮ್ಮಿದರೂ ಬೀಗಿತ್ತಿ ಆ ಕಡೆಯಿಂದ ಕಷಾಯ ಹೇಳಿಕೊಡುತ್ತಾರೆ. ಒಳ್ಳೆಯವರೇ, ಆದರೆ ಈ ವಿಷಯ ಅವರ ಕಿವಿಗೆ ಬೀಳುವುದು ಬೇಡ. ನಿನ್ನ ದೊಡ್ಡಪ್ಪನ ಮಗ ಆಂಜಿ ಇವತ್ತು ಆ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಭಾನುವಾರ ಮಹಾಲಯ ಅಮಾವಾಸ್ಯೆಗೆ ನಿಮ್ಮಪ್ಪನಿಗೆ ಎಡೆ ಇಟ್ಟೆವು. ವರ್ಷ ತುಂಬುವ ತನಕ ಎಡೆಯಿಲ್ಲವೆಂದು ಹೋದ ಸಲ ಬಿಟ್ಟಿದ್ದೆವು, ಹಾಗಾಗಿ ಇದೇ ಮೊದಲನೆಯದು. ಬಸುರಿ ಎಡೆಯ ಮುಂದೆ ಬರಬಾರದೆಂದು ನಿನ್ನನ್ನು ಕರೆಯಲಿಲ್ಲ. ಹೋದವರಿಗೆ ಏನು ಇಷ್ಟವೋ ಅದನ್ನೇ ಎಲೆಗೆ ಬಡಿಸಬೇಕಲ್ಲ. ನಿಮ್ಮಪ್ಪನ ಇಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡಿದ್ದೆ. ನಾಟಿಕೋಳಿ ಸಾರು, ರಾಗಿಮುದ್ದೆ, ಒಂದು ಕಟ್ಟು ಬೀಡಿ. ನಾನು ಏನು ಮಾಡಿ ಬಡಿಸಿದರೂ ಮೊದಲ ತುತ್ತಿಗೇ ‘ಉಪ್ಪು ಒಂದ್ಕಲ್ಲು ಕಮ್ಮಿ ಕಣೇ’ ಎನ್ನುತ್ತಿದ್ದರಲ್ಲ, ಉಪ್ಪಿನಕಾಯಿಗೂ ಬಿಡುತ್ತಿರಲಿಲ್ಲ. ಈ ಸಲ ಉಪ್ಪಿನ ಡಬ್ಬಿಯನ್ನೇ ಎಲೆಯ ಪಕ್ಕ ಇಟ್ಟುಬಿಡೋಣ ಎಂದು ಆಂಜಿಯ ಹತ್ತಿರ ತಮಾಷೆ ಮಾಡುತ್ತಿದ್ದೆ.

ಹೀಗಿರುವಾಗ, ಅಮಾವಾಸ್ಯೆಗೆ ಇನ್ನೂ ಐದಾರು ದಿನವಿದೆ ಎನ್ನುವಾಗ, ಚಂದ್ರು ಬಂದ. ನಿಮ್ಮಪ್ಪ ಕಾವಲಿಗಿದ್ದ ಗೆಸ್ಟ್‌ಹೌಸಿನಲ್ಲಿ ಕಾರು ಓಡಿಸುತ್ತಾನಲ್ಲ, ಅವನು. ಫ್ಯಾಕ್ಟರಿಯಲ್ಲಿ ಮಿಷನ್ ಕೂರಿಸಲು ವಿಯೆಟ್ನಾಂನಿಂದ ಬಂದ ಇಂಜಿನಿಯರುಗಳು ಉಳಿದುಕೊಳ್ಳುವ ಜಾಗ ಅದು. ಚಂದ್ರು ಒಂದು ಕಟ್ಟು ಹುಲ್ಲು ತಂದು ಜಗಲಿಯ ಮೇಲಿಟ್ಟ. ಹಸುವಿಗೆ ತಂದಿದ್ದಾನೆಂದು ತಿಳಿದು ನಾನು ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೊರಟೆ. ‘ಅಯ್ಯೋ ಅಕ್ಕ, ಅದು ಮಜ್ಜಿಗೆ ಹುಲ್ಲು. ಆವಲಪ್ಪಣ್ಣಂಗೆ ಎಡೆ ಇಡ್ತೀರಲ್ಲ, ಹುಲ್ಲುಕೋಳಿ ಮಾಡಲ್ವಾ? ಅಣ್ಣಂಗೆ ಅದಂದ್ರೆ ಪ್ರಾಣ’ ಎಂದ. ವಿಯೆಟ್ನಾಂನವರ ಅಡುಗೆಯಂತೆ, ಈ ಹುಲ್ಲು ಹಾಕಿ ಕೋಳಿ ಹುರಿಯುತ್ತಾರಂತೆ. ನನಗೆ ತಲೆಬುಡ ತಿಳಿಯಲಿಲ್ಲ. ನಿಮ್ಮಪ್ಪನ ಬಾಯಲ್ಲಿ ಆ ಹೆಸರನ್ನು ನಾನು ಒಂದು ದಿನವೂ ಕೇಳಿದವಳಲ್ಲ. ಆದರೂ ಗೊತ್ತಿರುವವಳ ಹಾಗೆ ತಲೆಯಾಡಿಸಿದೆ. ಕಟ್ಟಿಕೊಂಡ ಗಂಡನಿಗೆ ಏನು ಇಷ್ಟವಿತ್ತು ಎಂದು ಇನ್ನೊಬ್ಬರಿಂದ ಕೇಳಿ ತಿಳಿದುಕೊಳ್ಳುವುದು ನನಗೆ ಅವಮಾನವೆನಿಸಿತು.

ಈಗ ಹೇಳುವುದನ್ನು ಮಗಳಿಗೆ ಹೇಳಬಾರದು. ಆದರೆ ನೀನೂ ಸಂಸಾರ ಮಾಡುತ್ತಿರುವವಳು, ನಿನಗಲ್ಲದೆ ಯಾರಿಗೆ ಹೇಳಲಿ. ಕೊನೆಯ ಎರಡು ವರ್ಷ ನಿಮ್ಮಪ್ಪ ಭಾನುವಾರ ರಾತ್ರಿ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ‘ಹೊಟ್ಟೆ ತುಂಬೈತೆ’ ಎಂದು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಮಾರನೆಯ ದಿನ ಒಗೆಯಲೆಂದು ಶರಟು ಎತ್ತಿದರೆ ನಿಂಬೆಯ ವಾಸನೆ, ಒಳ್ಳೆಯ ಬೆಲೆಬಾಳುವ ಸೋಪಿನ ವಾಸನೆ. ನಮ್ಮ ಬಚ್ಚಲಲ್ಲಿ ಅಂಥ ಸೋಪು ಇರಲಿಲ್ಲ. ಗೇಟು ಕಾಯುವ ಗಂಡಸಿಗೆ ಎಲ್ಲಿಯ ನಿಂಬೆ ಸೋಪು? ಅದು ಯಾರ ಮನೆಯ ಬಚ್ಚಲು? ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ. ಅವರು ಹೋದಾಗ ಊರಿನವರೆಲ್ಲ ನನ್ನ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರೆ, ನನ್ನ ಮೂಗಿನಲ್ಲಿ ಆ ವಾಸನೆಯೇ ಇತ್ತು. ಈಗ ಎಡೆ ಯಾರಿಗೆ ಇಡುತ್ತಿದ್ದೇನೆ? ನನ್ನ ಗಂಡನಿಗೋ, ಇನ್ಯಾರದೋ ಮನೆಯಲ್ಲಿ ಉಂಡು ಬರುತ್ತಿದ್ದವರಿಗೋ? ಅದು ತಿಳಿಯದೆ ಎಲೆ ಹೇಗೆ ಹಾಸಲಿ ಹೇಳು.

ಆದರೂ ಬುಧವಾರ ಒಂದು ಸಲ ಮಾಡಿ ನೋಡೋಣವೆಂದು ಒಲೆ ಹಚ್ಚಿದೆ. ನನ್ನ ಕೈ ನನ್ನ ಮಾತು ಕೇಳಬೇಕಲ್ಲ. ತನ್ನ ಪಾಡಿಗೆ ತಾನು ಧನಿಯಾ ಹುರಿಯಿತು, ಕಾಯಿ ತುರಿಯಿತು, ಈರುಳ್ಳಿ ಸುಟ್ಟು ರುಬ್ಬಿತು. ರುಚಿ ನೋಡಲು ಚಂದ್ರುವನ್ನೇ ಕರೆಸಿದೆ. ಒಂದು ತುತ್ತು ತಿಂದು, ‘ಅಕ್ಕ, ಇದು ನಿಮ್ ಸಾರೇ. ಹುಲ್ಲು ಬಿದ್ದೈತೆ ಅಷ್ಟೆ’ ಎಂದ. ಆಮೇಲೆ ತಾನು ಕಂಡಿದ್ದನ್ನು ಹೇಳಿದ. ಹುಲ್ಲಿನ ಬುಡದ ಬಿಳಿ ಭಾಗವನ್ನಷ್ಟೇ ಸಣ್ಣಗೆ ಹೆಚ್ಚಬೇಕು. ಅದರ ಜೊತೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚೂರು ಅರಿಶಿನ. ಎಣ್ಣೆಯಲ್ಲಿ ಸಕ್ಕರೆ ಕೆಂಪಗೆ ಕಾಯಿಸಿ ಕೋಳಿ ಹಾಕಿ ಹುರಿಯಬೇಕು. ಮಸಾಲೆಯಿಲ್ಲ, ಕಾಯಿಯಿಲ್ಲ. ಉಪ್ಪಿನ ಬದಲು ಮೀನು ಕೊಳೆಸಿ ಇಳಿಸಿದ ನೀರು ಹಾಕುತ್ತಾರಂತೆ, ಅದನ್ನು ನಾನೆಲ್ಲಿಂದ ತರಲಿ, ಉಪ್ಪೇ ಸಾಕು ಎಂದೆ. ನಿನ್ನ ದೊಡ್ಡಪ್ಪ ಮುನಿಶಾಮಿಯವರು ಜಗಲಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡು, ‘ಇದೇಂ ಕೂರಮ್ಮಾ, ಪಾಯಸಮಾ?’ ಎಂದು ತಮ್ಮ ತೆಲುಗಿನಲ್ಲಿ ಹಂಗಿಸಿದರು, ಇದು ಸಾರೋ ಪಾಯಸವೋ ಎಂದು. ಎಡೆಗೆ ನಾಟಿಕೋಳಿಯೇ ಆಗಬೇಕು, ಫಾರಂ ಕೋಳಿಗೆ ಸಕ್ಕರೆ ಹಾಕಿ ಇಟ್ಟರೆ ನನ್ನ ತಮ್ಮ ಅರ್ಧ ದಾರಿಯಿಂದಲೇ ವಾಪಸು ಹೋಗುತ್ತಾನೆ ಎಂದು ಹಟ ಹಿಡಿದರು. ಎರಡನ್ನೂ ಮಾಡುತ್ತೇನೆ, ಯಾವುದು ಬೇಕೋ ಅದನ್ನು ಅವರೇ ಉಣ್ಣಲಿ ಎಂದು ಬಾಯಿ ಮುಚ್ಚಿಸಿದೆ.

ಭಾನುವಾರ ಬೆಳಿಗ್ಗೆ ಒಂದು ಒಲೆಯಲ್ಲಿ ನನ್ನ ಸಾರು, ಇನ್ನೊಂದರಲ್ಲಿ ಇದು. ಎಡೆಗೆ ಇಡುವ ಮುಂಚೆ ಯಾವುದನ್ನೂ ಬಾಯಿಗೆ ಹಾಕಿ ನೋಡುವಂತಿಲ್ಲ, ಎಲ್ಲ ಕಣ್ಣಂದಾಜು. ಸಕ್ಕರೆ ಕೆಂಪಾಯಿತು, ಹೆಚ್ಚಿದ ಹುಲ್ಲು, ಬೆಳ್ಳುಳ್ಳಿ ಎಣ್ಣೆಗೆ ಬಿದ್ದವು. ಧನೂ, ಅದೇ ನಿಂಬೆಯ ವಾಸನೆ. ಬುಧವಾರ ಧನಿಯಾ ಮಸಾಲೆಯಲ್ಲಿ ಮುಚ್ಚಿಹೋಗಿದ್ದದ್ದು ಈಗ ಮನೆಯೆಲ್ಲ ತುಂಬಿಕೊಂಡಿತು. ಸೋಪಲ್ಲ ಕಣೇ, ಅದು ಸೋಪಲ್ಲವೇ ಅಲ್ಲ. ನನ್ನ ಸೆರಗು ಮೂಸಿದರೆ ನಿಮ್ಮಪ್ಪನ ಶರಟು ಮೂಸಿದ ಹಾಗೇ ಇತ್ತು. ಸೌಟು ಹಿಡಿದು ನಿಂತಲ್ಲೇ ಅತ್ತೆ.

ಅಲ್ಲಿಗೆ ನೆಮ್ಮದಿಯಾಯಿತು ಎಂದುಕೊಂಡೆಯಾ? ಇಲ್ಲ. ಸೋಪಲ್ಲದಿದ್ದರೆ ಇದನ್ನು ಪ್ರತಿ ಭಾನುವಾರ ಮಾಡಿ ಹಾಕುತ್ತಿದ್ದವಳು ಯಾರು ಎಂದು ತಲೆಯಲ್ಲಿ ಹೊಸದಾಗಿ ಶುರುವಾಯಿತು. ಎಡೆಗೆಂದು ಬಂದಿದ್ದ ಚಂದ್ರುವನ್ನು ಹಿತ್ತಲಿಗೆ ಕರೆದು, ‘ಅಲ್ಲಿ ಇದನ್ನ ಮಾಡ್ತಿದ್ದೋರು ಯಾರಪ್ಪ?’ ಎಂದು ಕೇಳಿಯೇಬಿಟ್ಟೆ. ‘ಇನ್ಯಾರಕ್ಕ, ಅಣ್ಣನೇ’ ಎಂದ. ಭಾನುವಾರ ಗೆಸ್ಟ್‌ಹೌಸಿನ ಅಡುಗೆಯವನಿಗೆ ರಜಾ ಅಂತೆ. ಇಂಜಿನಿಯರೊಬ್ಬರು ಒಂದು ಸಲ ಮಾಡಿ ತೋರಿಸಿದ್ದೇ, ಆಮೇಲೆ ನಿಮ್ಮಪ್ಪನೇ ಅಲ್ಲಿದ್ದವರಿಗೆಲ್ಲ ಮಾಡಿ ಹಾಕುತ್ತಿದ್ದರಂತೆ. ‘ತೋಳು ಮಡಚ್ಕೊಂಡು ನಿಂತ್ರೆ ಯಾರನ್ನೂ ಒಲೆ ಹತ್ರ ಬಿಡ್ತಿರ್ಲಿಲ್ಲ’ ಎಂದ. ಯಾರ ಗಂಡನ ಬಗ್ಗೆ ಹೇಳುತ್ತಿದ್ದಾನೆ ಎಂದು ನನಗೆ ಅನುಮಾನವಾಯಿತು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ ಅವರು. ಹಾಲು ಉಕ್ಕಿದರೆ ‘ಉಕ್ತಾ ಐತೆ’ ಎಂದು ನನ್ನನ್ನು ಕೂಗುತ್ತಿದ್ದರೇ ಹೊರತು ಒಲೆ ಆರಿಸಿದವರಲ್ಲ. ನನಗೇಕೆ ಹೇಳಲಿಲ್ಲ? ದೊಡ್ಡಪ್ಪ ನಗುತ್ತಾರೆಂದೋ, ನಾನು ನಗುತ್ತೇನೆಂದೋ, ಮನೆಯಲ್ಲೂ ಮಾಡಿ ಎಂದು ಹಿಂದೆ ಬೀಳುತ್ತೇನೆಂದೋ? ಅನುಮಾನಪಟ್ಟಿದ್ದು ನನ್ನ ತಪ್ಪು ಎಂದು ನಾನೇನೂ ಒಪ್ಪುವುದಿಲ್ಲ, ಬಾಯಿ ಬಿಡದೆ ಹೋದವರು ಅವರು. ಆದರೂ ಅವರನ್ನು ನೆನೆದು ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಎಲೆಯ ಒಂದು ಕಡೆ ಮುದ್ದೆ, ಸಾರು, ಇನ್ನೊಂದು ಕಡೆ ಹುಲ್ಲುಕೋಳಿ ಬಡಿಸಿ, ಅವರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕುಳಿತೆವು. ಆಮೇಲೆ ತಟ್ಟಿ ಬಾಗಿಲು ತೆಗೆದೆವು. ಬಂದವರೆಲ್ಲ ಹೊಟ್ಟೆ ತುಂಬ ಉಂಡರು. ಪಾಯಸವೆಂದು ಹಂಗಿಸಿದ ದೊಡ್ಡಪ್ಪ ಅದನ್ನೇ ಎರಡನೇ ಸಲ ಹಾಕಿಸಿಕೊಂಡರು.

ಹುಷಾರಾಗಿರು ಮಗಳೇ. ನಿನಗೂ ಹೊಟ್ಟೆಯಲ್ಲಿರುವ ಕೂಸಿಗೂ ನಿಮ್ಮಪ್ಪನ ಆಶೀರ್ವಾದ, ನನ್ನದೂ ಇರಲಿ. ಅಳಿಯ ಉಮಾಶಂಕರ್‌ಗೆ ಕೇಳಿದೆನೆಂದು ಹೇಳು. ಬೀಗಿತ್ತಿಗೆ ನಮಸ್ಕಾರ, ಕಾಗದದಲ್ಲಿ ಏನಿತ್ತು ಎಂದರೆ ಬಾಣಂತನದ ಮಾತು ಎನ್ನು.

ನಿನ್ನ ಅಮ್ಮ,
ಶಾಮಲಮ್ಮ

ತಾ.ಕ.: ಆಂಜಿ ಬೈಕು ಹತ್ತಿ ಹಾರನ್ ಹೊಡೆಯುತ್ತಿದ್ದಾನೆ, ಬರೆಯಬೇಕಾದ್ದನ್ನೇ ನಾನು ಬರೆದಿಲ್ಲ. ಬಾಗಿಲು ತೆಗೆದಾಗ ಮುದ್ದೆಯಲ್ಲಿ ಬೆರಳಿಟ್ಟ ಹಾಗೆ ಗುಳಿ ಬಿದ್ದಿತ್ತು, ನನ್ನ ಸಾರಿನ ಒಂದು ತುಂಡು ಎಲೆಯಿಂದ ಆಚೆಗಿತ್ತು. ಹುಲ್ಲುಕೋಳಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಇಲಿಯ ಕೆಲಸ ಎಂದು ಆಂಜಿ ನಕ್ಕ. ಪ್ರಾಣ ಎಂದೆಯಲ್ಲ, ಯಾಕೆ ಮುಟ್ಟಿಲ್ಲ ಎಂದು ಚಂದ್ರುವನ್ನು ಕೇಳಿದೆ. ಅವನು ‘ಅಲ್ಲೂ ಅಣ್ಣ ಎಲ್ರಿಗೂ ಬಡಿಸ್ತಿದ್ರು ಅಷ್ಟೆ ಅಕ್ಕ, ತಿಂದಿದ್ ನಾನ್ ನೋಡಿಲ್ಲ’ ಎಂದ. ಎಲ್ಲರಿಗೂ ಬಡಿಸಿ ಕೊನೆಗೆ ನಾನು ಕುಳಿತಾಗ ಅರ್ಥವಾಯಿತು. ಹೊಗೆಯಲ್ಲಿ ನಿಂತು ಮಾಡಿದವರಿಗೆ ಹೊಟ್ಟೆ ತುಂಬಿಹೋಗಿರುತ್ತದೆ, ತಾವು ಮಾಡಿದ್ದು ಸೇರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ನನ್ನ ಸಾರನ್ನು ನೆಟ್ಟಗೆ ಉಂಡಿದ್ದೇನೆಯೇ? ನಿಮ್ಮಪ್ಪ ನನ್ನ ಅಡುಗೆ ಉಂಡು, ತಮ್ಮ ಅಡುಗೆಯನ್ನು ನನಗೆ ಬಿಟ್ಟು ಹೋಗಿದ್ದರು. ಅವರ ಎಲೆಯನ್ನೇ ಮುಂದಕ್ಕೆ ಎಳೆದುಕೊಂಡು ಆ ಹುಲ್ಲುಕೋಳಿಯನ್ನು ಒಂದು ಚೂರೂ ಬಿಡದೆ ಉಂಡೆ. ಉಪ್ಪು ಒಂದು ಕಲ್ಲು ಕಡಿಮೆಯಿತ್ತು. ಫೋಟೊ ಕಡೆ ತಿರುಗಿ ಹಾಗೆಂದು ಹೇಳಿದೆ.