ದಿನಕ್ಕೊಂದೇ ಕಾಫಿ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಹಾಲು ಉಕ್ಕಿಸಿದೆ. ಪುಸ್ತಕ ಕೈಯಲ್ಲಿ, ಹಾಲು ಒಲೆಯ ಮೇಲೆ. ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವುದು ನನ್ನಿಂದಾಗದ ಕೆಲಸ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಮ್ಮ ಮಾತಾಡದೆ ಒಲೆ ಒರೆಸಿದಳು. ಅಣ್ಣ ಬಿಡುತ್ತಾನೆಯೇ? "ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದು ಇದಕ್ಕೇನಾ, ಪಂಡಿತೆ?"

ಆರೂವರೆಗೆ ನಾಲ್ವರೂ ಅಡುಗೆಮನೆಯ ಮೇಜಿಗೆ ಬರಲೇಬೇಕು. ಬಟ್ಟೆಯಲ್ಲಿ ಸೋಸಿದ ಕಾಫಿ, ಒಂದೇ ಪಾತ್ರೆ. ಆರಿದರೆ ಅಮ್ಮ ಮತ್ತೆ ಕಾಯಿಸುವವಳಲ್ಲ. ಅಪ್ಪನಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಹೋದ ವರ್ಷ ಎದೆಬಡಿತ ತಾಳ ತಪ್ಪಿ ಆಸ್ಪತ್ರೆ ಸೇರಿದಾಗ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು — ದಿನಕ್ಕೊಂದೇ ಕಾಫಿ. ಲಿಫ್ಟ್ ರಿಪೇರಿ ಕೆಲಸವನ್ನೂ ಆಗಲೇ ಬಿಡಿಸಿದರು.

ಮೇಜಿನ ಸುತ್ತ ವಿಚಾರಣೆ ನಡೆಯುತ್ತದೆ.

"ನಿದ್ದೆ ಬಂತೇನ್ರೀ?"

"ಬಂತು."

"ಇಲ್ಲಮ್ಮ, ಎದ್ದು ಕೂತಿದ್ರು," ಅಣ್ಣ.

"ಕೆಮ್ತಿದ್ರು ಕೂಡ," ನಾನು.

ಅಪ್ಪ ಲೋಟದೊಳಗೆ ಮುಖ ಹುದುಗಿಸಿ, "ಇದು ಮನೆಯಲ್ಲ, ಕೋರ್ಟು," ಅಂದರು. ದಿನವೂ ಅನ್ನುವುದು ಅದೇ.

ಫೆಬ್ರವರಿ 9

ಅಣ್ಣ ಕಾಫಿ ಮಷೀನ್ ಹೊತ್ತುಕೊಂಡು ಬಂದ. ಅವನ ಶೋರೂಮಿನ ಡಿಸ್‌ಪ್ಲೇ ಪೀಸು. ಪಕ್ಕದಲ್ಲಿ ಗೀರು ಬಿದ್ದಿದೆ, ಮಾರುವಂತಿಲ್ಲ, ಹಾಗಾಗಿ ಇವನ ಪಾಲಿಗೆ ಬಂತು. ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಗಿರಾಕಿಗಳಿಗೆ ಹೇಳುವ ದನಿಯಲ್ಲಿ ಶುರುಮಾಡಿದ. "ಮೇಲೆ ಬೀನ್ಸ್, ಪಕ್ಕದಲ್ಲಿ ಹಾಲು, ಒಂದು ಬಟನ್, ಒಂದು ಕಪ್! ಇನ್ಮೇಲೆ ಯಾರಿಗೋಸ್ಕರ ಯಾರೂ ಕಾಯೋ ಹಾಗಿಲ್ಲ ಮೇಡಂ!"

"ಹಿಟ್ಟಿನ ಗಿರಣಿ ಇದ್ದ ಹಾಗಿದೆ," ಅಮ್ಮ ಅಂದಳು. ಆದರೆ ಎರಡನೆಯ ಗುಟುಕಿಗೆ ಸುಮ್ಮನಾದಳು.

ಅಪ್ಪ ಕುಡಿಯಲಿಲ್ಲ, ಅವರದು ಬೆಳಿಗ್ಗೆಯೇ ಆಗಿತ್ತು. ಮಷೀನಿಗೆ ಕಿವಿ ಹಚ್ಚಿ ನಿಂತರು. ಕಣ್ಣು ಮುಚ್ಚಿದ್ದರು. "ಮೋಟರ್ ಗಟ್ಟಿ. ಬೇರಿಂಗ್ ಮಾತ್ರ ಒಳಗೊಳಗೇ ಅಳ್ತಾ ಇದೆ." ನಮಗ್ಯಾರಿಗೂ ಏನೂ ಕೇಳಿಸಲಿಲ್ಲ.

ಫೆಬ್ರವರಿ 21

ಮೇಜು ಖಾಲಿ.

ಅಮ್ಮ ತಾನು ಕೆಲಸ ಮಾಡುವ ಬೇಕರಿಯಲ್ಲಿ ಬೆಳಗಿನ ಪಾಳಿ ಕೇಳಿಕೊಂಡಳು. ಮೊದಲು ಆಗುತ್ತಿರಲಿಲ್ಲ, ಕಾಫಿ ಕಾಯಿಸಿ ಎಲ್ಲರನ್ನೂ ಎಬ್ಬಿಸಬೇಕಿತ್ತಲ್ಲ. ಈಗ ಬೆಳಕು ಹರಿಯುವ ಮೊದಲೇ ಹೋಗುತ್ತಾಳೆ, ಮಧ್ಯಾಹ್ನ ಬಂದು ಮಲಗುತ್ತಾಳೆ. ಶೋರೂಮ್ ತೆರೆಯುವುದೇ ಹನ್ನೆರಡಕ್ಕೆ, ಅಣ್ಣನೂ ತಡವಾಗಿ ಏಳುತ್ತಾನೆ. ನಾನು ಎಂಟಕ್ಕೆ ಎದ್ದು, ಒಂದು ಕಪ್ ಒತ್ತಿಕೊಂಡು ರೂಮು ಸೇರಿದರೆ ಆಯಿತು. ಪ್ರಕಾಶನದವರು ಕಳಿಸಿದ ಶಾಲಾ ಗೈಡುಗಳ ಪ್ರೂಫ್ ತಿದ್ದಲು ರಾಶಿ ಬಿದ್ದಿದೆ. ಎಲ್ಲ ಪ್ರಶ್ನೆಗೂ ಉತ್ತರವಿರುವ ಪುಸ್ತಕಗಳು.

ಸುಖವೇ. ಯಾರೂ ಎಬ್ಬಿಸುವುದಿಲ್ಲ, ಯಾರೂ ಮುಖ ನೋಡಿ ಏನಾಯಿತು ಎಂದು ಕೇಳುವುದಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಯಂತ್ರ.

ಕಾಫಿ ಪಾತ್ರೆಯಲ್ಲಿ ಈಗ ಈರುಳ್ಳಿ.

ಮಾರ್ಚ್ 2, ಸಂಜೆ

ನಾಲ್ಕು ಗಂಟೆಗೆ ಕಪ್ ಒತ್ತಲು ಹೋದೆ. ಅಪ್ಪ ಹಿಂದೆಯೇ ಬಂದರು. ಸ್ಟೂಲ್ ಎಳೆದುಕೊಂಡು ಕೂತರು.

"ಪುಟ್ಟಿ, ನನಗೂ ಒಂದು ಒತ್ತು."

"ಬೆಳಿಗ್ಗೆ ಆಗಿಲ್ವಾ?"

"ಬಿಟ್ಟೆ. ಒಬ್ಬನೇ ಕುಡಿದ್ರೆ ಕಷಾಯ ಕುಡಿದ ಹಾಗಿರುತ್ತೆ. ದಿನದ ಪಾಲು ನಿನ್ನ ಜೊತೆಗೇ ಅಂತ ಉಳಿಸ್ಕೊಂಡಿದೀನಿ."

ಒತ್ತಿದೆ. ಖುಷಿಯಾಯಿತು. ಅಪ್ಪ ಮತ್ತು ನಾನು ಇಬ್ಬರೇ ಕೂತು ಮಾತಾಡಿದ್ದು ನೆನಪೇ ಇಲ್ಲ. ಮೇಜಿನ ಮುಂದೆ ಅಮ್ಮ, ಅಣ್ಣನ ಗದ್ದಲದ ನಡುವೆ ನನ್ನ ಸರದಿ ಬರುವಷ್ಟರಲ್ಲಿ ಲೋಟ ಖಾಲಿಯಾಗಿರುತ್ತಿತ್ತು.

ಲಿಫ್ಟ್ ಕಥೆ ಹೇಳಿದರು. ಮಧ್ಯದಲ್ಲಿ ಸಿಕ್ಕಿಕೊಂಡವರು ಮೊದಲು ಎಲ್ಲ ಬಟನ್ ಒತ್ತುತ್ತಾರಂತೆ, ಆಮೇಲೆ ಕೂಗುತ್ತಾರೆ. "ಕೂಗಿ ಸುಸ್ತಾದ ಮೇಲೇ ಪಕ್ಕದಲ್ಲಿ ಯಾರಿದಾರೆ ಅಂತ ನೋಡೋದು. ಬಾಗಿಲು ತೆಗೆದಾಗ ನೋಡ್ಬೇಕು ನೀನು, ನೆಂಟರ ಮನೆಯಿಂದ ಹೊರಟ ಹಾಗೆ ಬರ್ತಾರೆ."

ಕಪ್ ತಾವೇ ತೊಳೆದರು, ಒರೆಸಿದರು, ಇದ್ದಲ್ಲಿಯೇ ಬೋರಲು ಹಾಕಿದರು. "ಅಮ್ಮನಿಗೆ ಹೇಳ್ಬೇಡ. ಇಷ್ಟೊತ್ತಲ್ಲಿ ಕುಡಿದ್ರೆ ನಿದ್ದೆ ಕೆಡುತ್ತೆ ಅಂತ ರಾಗ ತೆಗೀತಾಳೆ."

ಹೇಳುವುದಿಲ್ಲ. ಯಾಕೆ ಹೇಳಲಿ?

ಮಾರ್ಚ್ 11

ಇವತ್ತಿನದನ್ನು ಬರೆದಿಡಲೇಬೇಕು. ಕಪ್ ಅಲ್ಲೇ ಬಿಟ್ಟು ರೂಮಿಗೆ ಓಡಿಬಂದೆ, ಒಂದು ಪದವೂ ತಪ್ಪಬಾರದು.

ಅಪ್ಪ ನಗುತ್ತಾ ಹೇಳಿದರು: "ಎದೆಯೊಳಗೊಂದು ಲಿಫ್ಟ್ ಇದೆ ಕಣೇ. ಎರಡು ಮಹಡಿ ಮಧ್ಯೆ ನಿಂತುಬಿಡುತ್ತೆ. ಎಲ್ಲ ಗಪ್‌ಚುಪ್. ಆಮೇಲೆ ಧಡಕ್ಕಂತ ಹೊರಡುತ್ತೆ."

ಎಂಥ ರೂಪಕ! ಮುಪ್ಪು, ಮರೆವು, ಮಹಡಿಗಳ ನಡುವಿನ ನಿಶ್ಶಬ್ದ... ನಮ್ಮ ಮೇಷ್ಟರ ಕೈಗೆ ಸಿಕ್ಕಿದ್ದರೆ ಒಂದು ಇಡೀ ಪೀರಿಯಡ್ ಎಳೆಯುತ್ತಿದ್ದರು. ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದೆ, ಅಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಈ ಸಾಲಿನಿಂದಲೇ ಕಥೆ ಶುರುಮಾಡಬೇಕು.

ಮಾರ್ಚ್ 16

ಜಗಳ. ಕಾಫಿ ಚರಟ ಬೀಳುವ ಟ್ರೇ ತುಂಬಿದರೆ ಮಷೀನ್ ಕೆಂಪು ದೀಪ ಹತ್ತಿಸಿಕೊಂಡು ಮುಷ್ಕರ ಹೂಡುತ್ತದೆ. ಚೆಲ್ಲುವ ಸರದಿ ಅಣ್ಣನದು.

"ನಿನ್ನೆ ತಾನೇ ಚೆಲ್ಲಿದ್ದೆ! ಪಂಡಿತೆ, ನೀನು ಕಾಫಿ ಕುಡೀತೀಯೋ, ಸ್ನಾನ ಮಾಡ್ತೀಯೋ?"

"ನೀನೇ ಇರಬೇಕು. ಶೋರೂಮಿನ ಫ್ರೀ ಬೀನ್ಸ್ ಅಂತ."

"ನಾನಾ? ನಾನು..." ಎಂದವನು ಅಲ್ಲಿಗೇ ನಿಲ್ಲಿಸಿದ.

ನಾನೂ ನಿಲ್ಲಿಸಿದೆ. ನನ್ನ ಲೆಕ್ಕದಲ್ಲಿ ಅಪ್ಪನದೂ ಸೇರಿತ್ತಲ್ಲ. ಗೆದ್ದೆ ಅಂದುಕೊಂಡು ರೂಮಿಗೆ ಬಂದೆ.

ವಿಚಿತ್ರವೆಂದರೆ ಅಮ್ಮ. "ಬೀನ್ಸ್ ಬೇಗ ಖಾಲಿ ಆಗ್ತಿದೆ," ಎಂದು ಶುರುಮಾಡಿದವಳು ತಾನಾಗಿಯೇ ಮಾತು ಬದಲಿಸಿದಳು. ಯಾವುದನ್ನೂ ಅಷ್ಟು ಸುಲಭವಾಗಿ ಬಿಡುವವಳಲ್ಲ.

ಮಾರ್ಚ್ 24, ಸಂಜೆ

ಅಪ್ಪ ತಡವಾಗಿ ಬಂದರು. ಕಪ್ ತಗೊಳ್ಳುವ ಮೊದಲೇ ಕೂತರು. ತುಟಿ ಒಣಗಿ ಬೂದು ಬಣ್ಣ. "ತಡಿ ಪುಟ್ಟಿ, ಕರೆಂಟ್ ಬರಲಿ," ಅಂದರು. ನಾನು ನಕ್ಕೆ.

ಆಮೇಲೆ ಕೇಳಿದರು, "ಏನೋ ಬರೀತಾ ಇರ್ತೀಯಲ್ಲ, ಓದು ನೋಡೋಣ."

ಯಾರಿಗೂ ಓದಿ ಗೊತ್ತಿಲ್ಲ. ಕಿವಿ ಬಿಸಿಯಾಯಿತು. ಆದರೂ ಲಿಫ್ಟಿನ ಸಾಲು ಓದಿದೆ.

"ಇದು ನಾನು ಹೇಳಿದ್ದಾ? ಚೆನ್ನಾಗಿದೆ." ಸ್ವಲ್ಪ ಹೊತ್ತು ಕಪ್ಪಿನ ತಳ ನೋಡಿದರು. "ಆದ್ರೆ ಇದು ಕಥೆ ಅಲ್ಲ, ಪುಟ್ಟಿ."

"ಕಥೆ ಮಾಡ್ತೀನಿ ಅಪ್ಪ. ಅದು ನಿಂತಾಗ ಒಳಗೆ ಕತ್ತಲಾಗುತ್ತಾ? ಅದೊಂದು ಹೇಳಿ."

"ಹ್ಞೂಂ... ಒಂಚೂರು ಕತ್ತಲಾಗುತ್ತೆ."

ಅದನ್ನೂ ಸೇರಿಸಿದೆ.

ಏಪ್ರಿಲ್ 2, ಆಸ್ಪತ್ರೆಯ ಬೆಂಚು

ನಿನ್ನೆ ನಾಲ್ಕಕ್ಕೆ ಅಪ್ಪ ಬರಲಿಲ್ಲ. ಇಬ್ಬರದೂ ಒತ್ತಿಟ್ಟು ಕಾದೆ. ಕೆನೆ ಕಟ್ಟಿತು. ಕರೆಯಲು ಹೋದರೆ — ಮೆಟ್ಟಿಲ ತಿರುವಿನಲ್ಲಿ, ಗೋಡೆಗೆ ಒರಗಿ ಕೂತ ಹಾಗೆ. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ.

ಈಗ ಒಳಗಿದ್ದಾರೆ. ಬಾಯಿಗೆ ಪೈಪು ಹಾಕಿದ್ದಾರೆ. ಮಾತಿಲ್ಲ.

ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ಕೇಳಿದರು. "ಕಾಫಿ ಎಷ್ಟು ಕುಡೀತಿದ್ರು?"

"ಒಂದೇ," ನಾವು ಮೂವರೂ ಒಟ್ಟಿಗೆ ಅಂದೆವು.

"ನಾನೇ ಕೊಡೋದು," ಅಮ್ಮ ಅಂದಳು. "ಕೆಲಸಕ್ಕೆ ಹೊರಡೋ ಮುಂಚೆ. ಇಬ್ರೂ ಒಟ್ಟಿಗೆ ಕುಡಿದ್ರೇ ಅವರಿಗೆ ಸಮಾಧಾನ."

ಅಣ್ಣ ಅಮ್ಮನ ಮುಖ ನೋಡಿದ. "ಬೆಳಿಗ್ಗೇನಾ? ಹನ್ನೊಂದು ಗಂಟೆಗೆ ನನ್ನ ಜೊತೆ ಅಲ್ವಾ? ಬೆಳಿಗ್ಗೆದು ಬಿಟ್ಟೆ, ನಿನಗೋಸ್ಕರ ಉಳಿಸ್ಕೊಂಡೆ ಅಂತಿದ್ರು."

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಗಂಟೆ ಬೆರಳಲ್ಲಿ ತೋರಿಸಿದೆ. ನಾಲ್ಕು.

ಡಾಕ್ಟರಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಕಾಫಿ ಒಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಬೇರೇನಾದ್ರೂ ಹೇಳ್ಕೊಳ್ತಿದ್ರಾ? ಸುಸ್ತು, ಊತ, ಏನಾದ್ರೂ?"

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಚಪ್ಪಲಿ ಕುಗ್ಗಿದೆ ಅಂದ್ರು. ನಾನು... ದೊಡ್ಡ ಸೈಜಿಂದು ತಂದುಕೊಟ್ಟೆ."

"ಯಾವನೋ ಕಳ್ಳ ನಮ್ಮನೆ ಮೆಟ್ಟಿಲು ಜಾಸ್ತಿ ಮಾಡಿದಾನೆ ಕಣೋ ಅಂತಿದ್ರು," ಅಣ್ಣ. "ಜೋಕ್ ಅಂದ್ಕೊಂಡೆ. ಶೋರೂಮಲ್ಲೂ ಹೇಳಿ ನಗಿಸಿದೆ."

ನಾನು ಲಿಫ್ಟ್ ಹೇಳಿದೆ. ನಿಲ್ಲುವುದು, ಕತ್ತಲಾಗುವುದು, ಧಡಕ್ಕೆಂದು ಹೊರಡುವುದು.

ಡಾಕ್ಟರಮ್ಮನ ಪೆನ್ನು ನಿಂತಿತು. "ಇದು ಯಾವಾಗ ಹೇಳಿದ್ದು?"

"ಹೋದ ತಿಂಗಳು."

"ಮೂರನ್ನೂ ಯಾರಾದ್ರೂ ಒಬ್ರು ಕೇಳಿಸ್ಕೊಂಡಿದ್ರೆ..." ಎಂದು ಶುರುಮಾಡಿ, ನಮ್ಮ ಮುಖ ನೋಡಿ, "ಹೋಗ್ಲಿ ಬಿಡಿ," ಅಂದರು.

ಏಪ್ರಿಲ್ 4

ಬೆಳಿಗ್ಗೆ ಆರೂವರೆ. ಮೂವರೂ ಸುತ್ತ ಇದ್ದೆವು. ಎಷ್ಟೋ ದಿನಗಳ ಮೇಲೆ.

ಏಪ್ರಿಲ್ 19

ತಿಥಿಗೆ ಬಂದವರೆಲ್ಲ ಹೋದರು. ಮಷೀನಿನ ಕೆಂಪು ದೀಪ ಮಿನುಗುತ್ತಲೇ ಇದೆ. ಟ್ರೇ ತುಂಬಿದೆ. ಯಾರೂ ಚೆಲ್ಲುತ್ತಿಲ್ಲ. ಬಿಲ್ಲೆಬಿಲ್ಲೆ ಚರಟ, ಮೇಲೆ ಬೂಷ್ಟು. ಅದರಲ್ಲಿ ಯಾವುದು ಯಾರ ಹೊತ್ತಿನದೋ.

ಅಣ್ಣ ವಾಪಸ್ ಕೊಟ್ಟುಬಿಡುತ್ತೇನೆ ಅಂದ. ಅಮ್ಮ, "ಅದೇನು ಮಾಡಿತ್ತು? ಇರಲಿ," ಅಂದಳು. ಮನೆಯಲ್ಲಿ ಇವತ್ತು ಆಡಿದ ಮಾತು ಅಷ್ಟೇ.

ಇಲ್ಲಿ ಯಾರೂ ಓದುವವರಿಲ್ಲ, ಬರೆಯುತ್ತೇನೆ. ಮೂರು ಕಪ್ ಕುಡಿದರು ಎಂಬುದಕ್ಕಿಂತ ನನಗೆ ಹೆಚ್ಚು ಚುಚ್ಚಿದ್ದು ಬೇರೆ. "ನಿನಗೋಸ್ಕರ ಉಳಿಸ್ಕೊಂಡೆ" ಎಂದು ಅಣ್ಣನಿಗೂ ಹೇಳಿದ್ದರಲ್ಲ, ಅದು. ಆಸ್ಪತ್ರೆಯ ಬೆಂಚಿನ ಮೇಲೆ, ಅಪ್ಪ ಒಳಗೆ ಹಾಗೆ ಮಲಗಿರುವಾಗ, ನನಗೆ ಹೊಟ್ಟೆಕಿಚ್ಚಾಗಿತ್ತು. ಇಂಥವಳು ನಾನು.

ಅಣ್ಣನೂ ನನ್ನನ್ನು ಅದೇ ಹೊಟ್ಟೆಕಿಚ್ಚಿನಿಂದ ನೋಡುತ್ತಾನೆ. ಪಂಡಿತೆ ಅನ್ನುವುದನ್ನು ನಿಲ್ಲಿಸಿದ್ದಾನೆ.

ಏಪ್ರಿಲ್ 27, ಬೆಳಿಗ್ಗೆ

ಪಾತ್ರೆಯ ಸದ್ದಿಗೆ ಎಚ್ಚರವಾಯಿತು. ಅಮ್ಮ ಈರುಳ್ಳಿಯನ್ನೆಲ್ಲ ನೆಲಕ್ಕೆ ಸುರಿದು, ಕಾಫಿ ಪಾತ್ರೆ ತಿಕ್ಕುತ್ತಿದ್ದಳು. ಕೆಲಸಕ್ಕೆ ಹೋಗಿರಲಿಲ್ಲ. ಬಟ್ಟೆಯಲ್ಲಿ ಸೋಸಿ ಮೂರು ಲೋಟಕ್ಕೆ ಸುರಿದಳು. ಅಣ್ಣನೂ ಎದ್ದು ಬಂದ. ಯಾರೂ ಕರೆದಿರಲಿಲ್ಲ. ಕಾಫಿಯಲ್ಲಿ ಸಣ್ಣಗೆ ಈರುಳ್ಳಿ ವಾಸನೆ.

"ರಾತ್ರಿ ನಿದ್ದೆ ಬಂತೇನೋ?" ಅಮ್ಮ ಅಣ್ಣನನ್ನು ಕೇಳಿದಳು.

"ಹ್ಞೂಂ."

"ಇಲ್ಲಮ್ಮ," ನಾನಂದೆ. "ಓಡಾಡ್ತಾನೇ ಇದ್ದ."

ಅಣ್ಣ ದುರುಗುಟ್ಟಿ ನೋಡಿದ. ಆಮೇಲೆ, "ಅವಳೂ ಮಲಗಿಲ್ಲ," ಅಂದ.

ಅಮ್ಮ ಲೋಟ ಮುಟ್ಟಿರಲಿಲ್ಲ. "ನಿನ್ನ ಹತ್ರ ಏನೇನು ಹೇಳ್ತಿದ್ರು ಅವರು? ಲಿಫ್ಟಂತೆ, ಅದೇನು? ನನಗೆ ಹೇಳು."

"ಕಾಫಿ ಆರುತ್ತಮ್ಮ."

"ಆರಲಿ. ಮತ್ತೆ ಕಾಯಿಸ್ತೀನಿ. ನೀನು ಹೇಳು."

ಈ ದಿನಚರಿ ತಂದು ಮಾರ್ಚ್ ಹನ್ನೊಂದರ ಪುಟ ಓದಿದೆ. ಅಣ್ಣ ಕಿಟಕಿಯ ಕಡೆ ಮುಖ ಮಾಡಿದ್ದ. ಅಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡಳು, ಅಪ್ಪ ಮಷೀನಿಗೆ ಕಿವಿ ಹಚ್ಚಿದ ಹಾಗೆ. ಓದಿ ಮುಗಿಸಿದ ಮೇಲೆ ಒಂದೇ ಒಂದು ಕೇಳಿದಳು.

"ನಗ್ತಾ ಹೇಳಿದ್ರಾ? ನಿಜವಾಗ್ಲೂ?"

ಹಾಗಂತ ಬರೆದಿದ್ದೇನೆ. ನನ್ನದೇ ಅಕ್ಷರ. ಆದರೆ ಆ ಹೊತ್ತಿಗೆ ನಾನು ಸಾಲನ್ನು ಮರೆಯಬಾರದೆಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಎದ್ದಾಗಿತ್ತು, ಬಾಗಿಲಲ್ಲಿದ್ದೆ. ಅಪ್ಪ ಸ್ಟೂಲಿನ ಮೇಲೆ. ಕೈ ಎದೆಯ ಮೇಲಿತ್ತು, ಅದು ನೆನಪಿದೆ. ಕಪ್ ನೆನಪಿದೆ. ಮುಖ —