ಹನ್ನೆರಡು ಪಾಯಿಂಟ್ ಮೂರು

ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಗಳಿಗೆ ನಾಲ್ಕು ಸಾಲು ಬರೆಯುವುದಕ್ಕೂ ಮುಹೂರ್ತ ನೋಡುತ್ತೀರಾ ಎಂದು ನಿನ್ನಮ್ಮ ದಿನಾ ಕುಟುಕುತ್ತಾಳೆ. ನಾಲ್ಕಾರು ಸಲ ಬರೆದು ಹರಿದು ಹಾಕಿದ್ದು ಅವಳಿಗೆ ಗೊತ್ತಿಲ್ಲ.

ಮೊಮ್ಮಗಳಿಗೆ ಶಾಲೆಯಲ್ಲಿ ಟೈಟ್ರೇಷನ್ ಪಾಠ ಶುರುವಾಗಿದೆ, ಬಿಡಿಸಿ ಬರೆದು ಕಳಿಸು ಎಂದಿದ್ದೀಯ. ಮೂವತ್ತೊಂದು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆ ತೊಳೆದು ದ್ರಾವಣ ಬೆರೆಸಿದವನಿಗೆ ಇದೇನು ಮಹಾ. ಅವಳಿಗೆ ಹೀಗೆ ಹೇಳು. ಒಂದು ಲೋಟ ಸಕ್ಕರೆ ನೀರಿಗೆ ಇನ್ನೊಂದು ಲೋಟ ಬರೀ ನೀರು ಹೊಯ್ದರೆ ಸಕ್ಕರೆ ಇದ್ದಷ್ಟೇ ಇರುತ್ತದೆ, ಸಿಹಿ ಮಾತ್ರ ಅರ್ಧಕ್ಕಿಳಿಯುತ್ತದೆ. ಆಮ್ಲ ತೆಳುವಾಗುವುದೂ ಹಾಗೇ. ಕಣ್ಣಿಗೆ ತೆಳುವಾದದ್ದೂ ಆಗದ್ದೂ ಒಂದೇ ಥರ ಕಾಣುವುದರಿಂದ ಅಳೆದೇ ತಿಳಿಯಬೇಕು. ಬಲ ಗೊತ್ತಿರುವ ಕ್ಷಾರವನ್ನು ಹತ್ತು ಮಿಲಿಲೀಟರ್ ಫ್ಲಾಸ್ಕಿಗೆ ಹಾಕಿ ಎರಡು ಹನಿ ಸೂಚಕ ಬಿಟ್ಟರೆ ಗುಲಾಬಿಯಾಗುತ್ತದೆ. ಮೇಲೆ ಬ್ಯೂರೆಟ್, ಅಂದರೆ ಗೆರೆ ಎಳೆದ ಉದ್ದನೆಯ ಗಾಜಿನ ಕೊಳವೆ, ತುದಿಯಲ್ಲೊಂದು ಪುಟ್ಟ ನಲ್ಲಿ. ಅದರಿಂದ ಆಮ್ಲವನ್ನು ಹನಿಹನಿಯಾಗಿ ಬಿಡಬೇಕು. ಯಾವ ಹನಿಗೆ ಬಣ್ಣ ಹೋಯಿತೋ ಅಲ್ಲಿಗೆ ನಿಲ್ಲಿಸಿ, ಎಷ್ಟು ಖರ್ಚಾಯಿತೆಂದು ಓದಬೇಕು. ಆಮ್ಲ ತೆಳುವಾಗಿದ್ದಷ್ಟೂ ಹೆಚ್ಚು ಬೇಕಾಗುತ್ತದೆ. ಪಾಠ ಇಷ್ಟೇ.

ಕಾಗದದ ಕೊನೆಗೆ ನೀನು ತಮಾಷೆಗೆಂದು ಒಂದು ಸಾಲು ಸೇರಿಸಿದ್ದೀಯ: "ನಂದು ನಡುಗೋ ಕೈ, ಇದಕ್ಕೆಲ್ಲ ಆಗಲ್ಲ. ಇವಳಿಗೂ ನನ್ನ ಕೈಯೇ ಬಂದಿರಬೇಕು, ರಸಾಯನಶಾಸ್ತ್ರ ಬಿಡಿಸಿಬಿಡೋಣ ಅಂತಿದೀನಿ." ಬರೆದು ಹರಿಯುವುದು ಶುರುವಾದದ್ದು ಅದನ್ನೋದಿದ ಮೇಲೇ. ಬಿಡಿಸಬೇಡ ಮಗಳೇ. ನಿನ್ನ ಕೈ ಅವತ್ತು ನಡುಗಿರಲಿಲ್ಲ.

ನಿನ್ನ ಪ್ರಾಯೋಗಿಕ ಪರೀಕ್ಷೆಯ ದಿನ, ಬೆಳಗಿನ ತಂಡ ಮುಗಿದಾಗ ಮಧ್ಯಾಹ್ನದ ನಿಮ್ಮ ತಂಡಕ್ಕೆಂದು ಜಾಡಿಯಲ್ಲಿ ಐದು ಲೀಟರ್ ಆಮ್ಲ ಉಳಿದಿತ್ತು. ಊಟದ ಬಿಡುವಿನಲ್ಲಿ ಜಾಡಿ ಎತ್ತಿಡುವಾಗ ನನ್ನ ಕೈ ಜಾರಿ ಒಂದು ಲೀಟರ್ ಚೆಲ್ಲಿತು. ಹೊಸದಾಗಿ ಮಾಡಬೇಕೆಂದರೆ ಮೇಷ್ಟರಿಗೆ ಹೇಳಬೇಕು, ಎಲ್ಲರೆದುರು ಬೈಸಿಕೊಳ್ಳಬೇಕು. ಅಷ್ಟೇ ನೀರು ಸೇರಿಸಿ ಜಾಡಿ ಸರಿಮಾಡಿಟ್ಟೆ. ಅದರಿಂದ ಏನಾಗುತ್ತದೆಂದು ಹೊಳೆಯಲಿಲ್ಲ.

ಬೆಳಗಿನವರು ಒಂಬತ್ತು ಪಾಯಿಂಟ್ ಎಂಟು ಮಿಲಿಲೀಟರ್ ಎಂಬ ಉತ್ತರವನ್ನು ಹೊರಗೆ ಹೋಗುತ್ತಲೇ ಹಂಚಿಬಿಟ್ಟಿದ್ದರು. ಬ್ಯೂರೆಟ್ ಏನೇ ತೋರಿಸಲಿ, ಮಧ್ಯಾಹ್ನದವರೆಲ್ಲ ಕಣ್ಣುಮುಚ್ಚಿ ಅದನ್ನೇ ಬರೆದರು. ಕಂಡದ್ದನ್ನು ಬರೆದವಳು ನೀನೊಬ್ಬಳು. ಹನ್ನೆರಡು ಪಾಯಿಂಟ್ ಮೂರು, ಮೂರು ಸಲವೂ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕು, "ಒಂದೇ ತಪ್ಪನ್ನ ಮೂರು ಸಲ ಮಾಡೋದೂ ಒಂದು ಕಲೆ ಕಣಮ್ಮ. ಕೈ ಹಿಡಿತದಲ್ಲಿಲ್ಲ ನಿಂಗೆ" ಎಂದರು. ಫೇಲ್ ಮಾಡಿದರು. ಫಾರ್ಮಸಿ ಓದಬೇಕೆಂದಿದ್ದವಳು ಮತ್ತೆ ಆ ಪರೀಕ್ಷೆಗೆ ಕೂರಲಿಲ್ಲ, ಹೋಗಿ ಬಸ್ ಕಚೇರಿಯ ಟಿಕೆಟ್ ಕೌಂಟರಿನಲ್ಲಿ ಕೂತೆ. ಮನೆಯಲ್ಲಿ ಲೋಟ ಬಿದ್ದರೂ ನಿನ್ನ ಕೈಯನ್ನೇ ಆಡಿಕೊಂಡೆವು. ಆ ನಗುವಿನಲ್ಲಿ ನನ್ನದೂ ಸೇರಿತ್ತು.

ತಪ್ಪು ನನ್ನದು. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಈ ಕಾಗದವನ್ನು ಮೊಮ್ಮಗಳಿಗೂ ಓದಿಸು, ಅವಳಮ್ಮ ಎಂಥವಳೆಂದು ತಿಳಿಯಲಿ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೂವರೂ ನೂರು ಕಾಲ ಚೆನ್ನಾಗಿರಿ.

ಇಂತು ನಿನ್ನ
ಅಪ್ಪ

ತಾ.ಕ.: ಹೊಳೆಯಲಿಲ್ಲ ಎಂದು ಬರೆದೆನಲ್ಲ, ಅದು ಅರ್ಧ ಸತ್ಯ. ಅವತ್ತು ಸಂಜೆ ಎಲ್ಲರೂ ಹೋದ ಮೇಲೆ, ಜಾಡಿಯಲ್ಲಿ ಉಳಿದದ್ದನ್ನು ನಾನೇ ಅಳೆದು ನೋಡಿದೆ. ನಿನ್ನ ಅಂಕಿಯೇ ಬಂತು. ಪರೀಕ್ಷಕರು ಇನ್ನೂ ಪಕ್ಕದ ಕೋಣೆಯಲ್ಲಿದ್ದರು, ಅಂಕಪಟ್ಟಿಯ ಲಕೋಟೆಗೆ ಅಂಟು ಹಚ್ಚಿರಲಿಲ್ಲ. ಹೇಳಬೇಕೆಂದೇ ಒಳಗೆ ಹೋದೆ. "ಏನಪ್ಪಾ?" ಅಂದರು. "ಇನ್ನೊಂದು ಟೀ ತರಲಾ ಸಾರ್?" ಅಂದೆ. ಟೀ ತಂದುಕೊಟ್ಟು ಹೊರಗೆ ಬಂದರೆ ನೀನು ಮೆಟ್ಟಿಲ ಮೇಲೆ ಅಳುತ್ತ ನನಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತು, "ಹೋಗಲಿ ಬಿಡು ಮಗಳೇ, ಎಲ್ಲರಿಗೂ ಎಲ್ಲ ಬರಲ್ಲ" ಎಂದು ನಿನ್ನ ಕಣ್ಣೊರೆಸಿದೆ.